ಸ್ಕ್ಯಾನ್ ಹೇಳಿದ್ದು ಒಂದು, ಭುಜ ಹೇಳುವುದು ಇನ್ನೊಂದು

ಪ್ರಶ್ನೆ: ನನಗೆ 53 ವರ್ಷ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಾಲ್ಕು ತಿಂಗಳಿಂದ ಎಡ ಭುಜ ನೋಯುತ್ತಿದೆ. ಬಿದ್ದಿಲ್ಲ, ಭಾರ ಎತ್ತಿಲ್ಲ. ಮೊದಮೊದಲು ಬರೀ ನೋವಿತ್ತು, ಈಗ ಕೈಯೇ ಸರಿಯಾಗಿ ಏಳುತ್ತಿಲ್ಲ. ಹಿಂದಲೆ ಬಾಚಲಾಗದು, ಬೆನ್ನ ಹಿಂದೆ ಹುಕ್ಕು ಹಾಕಲಾಗದು, ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಮೊದಲು ನೋಡಿದ ವೈದ್ಯರು ಎಂಆರ್‌ಐ ಮಾಡಿಸಿದರು. ‘ಸುಪ್ರಾಸ್ಪೈನೇಟಸ್ ಟೆಂಡನ್ ಭಾಗಶಃ ಹರಿದಿದೆ, ಎಸಿ ಕೀಲು ಸವೆದಿದೆ, ಬರ್ಸಾದಲ್ಲಿ ಸ್ವಲ್ಪ ನೀರಿದೆ’ ಎಂದು ವರದಿ ಬಂತು. ಕೀಹೋಲ್ ಆಪರೇಷನ್ ಮಾಡಿ, ಮೂಳೆ ಕೆರೆದು ಟೆಂಡನ್ ಹೊಲಿಯಬೇಕು ಅಂದರು. ಇನ್ನೊಬ್ಬರನ್ನು ಕೇಳೋಣವೆಂದು ಹೋದರೆ ಅವರು ಸ್ಕ್ಯಾನನ್ನು ಕವರಿನಿಂದ ಹೊರಗೂ ತೆಗೆಯಲಿಲ್ಲ. ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ಎರಡೇ ನಿಮಿಷದಲ್ಲಿ ‘ಇದು ಫ್ರೋಜನ್ ಶೋಲ್ಡರ್, ಆಪರೇಷನ್ ಬೇಡ’ ಅಂದುಬಿಟ್ಟರು. ಅಷ್ಟು ದೊಡ್ಡ ಯಂತ್ರ ಕಂಡುಹಿಡಿದದ್ದನ್ನು ನಂಬಲೋ, ಎರಡು ನಿಮಿಷದ ಕೈಚಳಕವನ್ನು ನಂಬಲೋ?

ಉತ್ತರ: ನಿಮ್ಮ ಭುಜವನ್ನು ನಾನು ಮುಟ್ಟಿ ನೋಡಿಲ್ಲ. ಆದರೆ ನೀವು ಬರೆದ ನಾಲ್ಕು ಸಾಲು ಓದುವಾಗಲೇ ನನ್ನ ಮನಸ್ಸು ಎರಡನೆಯ ವೈದ್ಯರ ಕಡೆ ವಾಲಿತು. ಹಾಗಂತ ಅವರು ಮಾಡಿದ್ದೆಲ್ಲ ಸರಿ ಎನ್ನಲಾರೆ. ಒಂದು ಕೆಲಸ ಬಾಕಿ ಉಳಿಸಿದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಎರಡು ನಿಮಿಷದಲ್ಲಿ ಅವರು ಏನು ನೋಡಿದರು ಎಂಬುದನ್ನು ಹೇಳಬೇಕು. ಅದು ತಿಳಿದರೆ ಯಾರನ್ನು ನಂಬಬೇಕು ಎಂದು ನೀವೇ ನಿರ್ಧರಿಸಬಲ್ಲಿರಿ.

ಭುಜದ ಕೀಲು ಒಂದು ವಿಚಿತ್ರ ರಚನೆ. ಸೊಂಟದ ಕೀಲಿನಲ್ಲಿ ಗುಂಡು ಆಳವಾದ ಬಟ್ಟಲೊಳಗೆ ಕೂತಿರುತ್ತದೆ. ಭುಜದಲ್ಲಿ ಬಟ್ಟಲೇ ಇಲ್ಲ ಎನ್ನಬೇಕು, ಇರುವುದು ಸಣ್ಣ ಚಪ್ಪಟೆ ತಟ್ಟೆ. ಅದರ ಮೇಲೆ ತೋಳೆಲುಬಿನ ದೊಡ್ಡ ಗುಂಡು ಆತುಕೊಂಡಿದೆ. ಕೈ ಎಲ್ಲ ದಿಕ್ಕಿಗೂ ಚಾಚಲಿ ಎಂದು ಪ್ರಕೃತಿ ಭದ್ರತೆಯನ್ನು ಬಿಟ್ಟುಕೊಟ್ಟಿದೆ. ಗುಂಡು ಜಾರದಂತೆ ಹಿಡಿದಿಡುವ ಕೆಲಸ ಎರಡು ವಸ್ತುಗಳದ್ದು. ಒಂದು, ಹೆಗಲ ಹಲಗೆಯಿಂದ ಹೊರಟು ಗುಂಡನ್ನು ತಬ್ಬಿಕೊಳ್ಳುವ ನಾಲ್ಕು ಸ್ನಾಯುಗಳ ಟೆಂಡನ್‌ಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು. ಇವೇ ರೊಟೇಟರ್ ಕಫ್. ನಿಮ್ಮ ವರದಿಯಲ್ಲಿರುವ ಸುಪ್ರಾಸ್ಪೈನೇಟಸ್ ಇವುಗಳಲ್ಲಿ ಮೇಲ್ಭಾಗದ್ದು. ಇನ್ನೊಂದು, ಕೀಲನ್ನು ಸುತ್ತಿಕೊಂಡಿರುವ ತೆಳುವಾದ ಚೀಲ. ಕೈ ಮೇಲೆತ್ತಿದಾಗ ಎಟುಕಬೇಕಲ್ಲ, ಅದಕ್ಕೆಂದೇ ಈ ಚೀಲ ಸಡಿಲವಾಗಿದ್ದು ಕಂಕುಳ ಕಡೆ ಮಡಿಕೆಯಾಗಿ ಜೋತು ಬಿದ್ದಿರುತ್ತದೆ. ಈ ಚೀಲ ದಪ್ಪಗಾಗಿ ಕುಗ್ಗುವುದೇ ಫ್ರೋಜನ್ ಶೋಲ್ಡರ್. ಟೆಂಡನ್ ಹರಿಯುವುದು ಬೇರೆ ಕಾಯಿಲೆ, ಚೀಲ ಕುಗ್ಗುವುದು ಬೇರೆ ಕಾಯಿಲೆ. ನೋವು ಮಾತ್ರ ಎರಡರಲ್ಲೂ ರಟ್ಟೆಯ ಅದೇ ಹೊರಭಾಗಕ್ಕೆ ಬರುತ್ತದೆ. ಗೊಂದಲವೆಲ್ಲ ಶುರುವಾಗುವುದು ಅಲ್ಲಿಂದ.

ಈಗ ಸ್ಕ್ಯಾನಿನ ವಿಷಯ. 1995ರಲ್ಲಿ ಅಮೆರಿಕದ ವೈದ್ಯರು ಭುಜದಲ್ಲಿ ಯಾವ ತೊಂದರೆಯೂ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿ ಫಲಿತಾಂಶ ಪ್ರಕಟಿಸಿದರು. ನೋವೇ ಇಲ್ಲದ ಆ ಭುಜಗಳಲ್ಲಿ ಮೂರರಲ್ಲೊಂದಕ್ಕೆ ಟೆಂಡನ್ ಪೂರ್ತಿಯಾಗಿಯೋ ಭಾಗಶಃವೋ ಹರಿದಿತ್ತು. 60 ದಾಟಿದವರಲ್ಲಿ ಶೇ. 54ರಷ್ಟು. ನಿಮ್ಮ ವಯೋಮಾನದವರು, ಅಂದರೆ 40ರಿಂದ 60ರೊಳಗಿನವರು, ಆ ಗುಂಪಿನಲ್ಲಿ 25 ಮಂದಿ ಇದ್ದರು. ಅವರಲ್ಲಿ 7 ಜನರಿಗೆ ಟೆಂಡನ್ ಹರಿದಿತ್ತು, ಆ ಏಳು ಹರಿತಗಳಲ್ಲಿ ಆರು ಭಾಗಶಃ ಹರಿದವು. ಅಂದರೆ ನಿಮ್ಮ ವರದಿಯಲ್ಲಿರುವಂಥ ವಾಕ್ಯವನ್ನು ಜೇಬಿನಲ್ಲಿಟ್ಟುಕೊಂಡು, ತಮಗೆ ಅಂಥದ್ದೊಂದು ಇದೆ ಎಂದು ಗೊತ್ತೇ ಇಲ್ಲದೆ ಓಡಾಡುತ್ತಿರುವವರು ಬೇಕಾದಷ್ಟಿದ್ದಾರೆ. ಎಸಿ ಕೀಲಿನ, ಅಂದರೆ ಕೊರಳೆಲುಬು ಹೆಗಲಿಗೆ ಸೇರುವ ಜಾಗದ, ಸವೆತವಂತೂ ತಲೆಗೂದಲು ನರೆಯುವಷ್ಟೇ ಸಹಜ. ಸ್ಕ್ಯಾನ್ ಸುಳ್ಳು ಹೇಳುವುದಿಲ್ಲ. ಕಂಡದ್ದನ್ನೆಲ್ಲ ಬರೆಯುತ್ತದೆ, ಅಷ್ಟೇ. ಅದರಲ್ಲಿ ಯಾವುದು ನೋಯುತ್ತಿದೆ ಎಂದು ಹೇಳುವುದು ಅದರ ಕೆಲಸವಲ್ಲ. ಮೇಲಾಗಿ ಎಂಆರ್‌ಐ ಅಲುಗಾಡದೆ ಮಲಗಿದ ಭುಜದ ಚಿತ್ರ. ನಿಮ್ಮ ತೊಂದರೆಯಿರುವುದು ಅಲುಗಾಟದಲ್ಲಿ.

ಆದ್ದರಿಂದ ಪರೀಕ್ಷೆ. ಅದು ರೋಗಿ ಕೋಣೆಗೆ ಬರುವಾಗಲೇ ಶುರುವಾಗಿರುತ್ತದೆ. ‘ಎಲ್ಲಿ ನೋವು, ತೋರಿಸಿ’ ಅಂದಾಗ ಜನ ತೋರಿಸುವ ರೀತಿ ನೋಡಬೇಕು. ರಟ್ಟೆಯ ಹೊರಮೈಯನ್ನು ಇಡೀ ಅಂಗೈಯಿಂದ ಸವರಿದರೆ ತೊಂದರೆ ಭುಜದ ಕೀಲಿನದ್ದೋ ಟೆಂಡನ್ನಿನದ್ದೋ ಆಗಿರುವ ಸಂಭವ ಹೆಚ್ಚು. ಹೆಗಲ ತುದಿಯಲ್ಲಿ ಒಂದೇ ಬೆರಳಿಟ್ಟು ‘ಇಲ್ಲೇ’ ಅಂದರೆ ಎಸಿ ಕೀಲು. ಕುತ್ತಿಗೆ ಮತ್ತು ಹೆಗಲ ಹಲಗೆಯ ನಡುವೆ ಹಿಸುಕಿಕೊಳ್ಳುತ್ತಾ, ನೋವು ಮೊಣಕೈ ದಾಟಿ ಬೆರಳವರೆಗೆ ಜುಮುಜುಮು ಎನ್ನುತ್ತದೆ ಎಂದರೆ ಕುತ್ತಿಗೆಯ ನರವನ್ನು ಅನುಮಾನಿಸಬೇಕು. ಅಂಥವರಲ್ಲಿ ಕತ್ತನ್ನು ನೋವಿನ ಕಡೆಗೆ ವಾಲಿಸಿ, ಹಿಂದಕ್ಕೆ ಬಾಗಿಸಿ, ತಲೆಯ ಮೇಲೆ ಮೆಲ್ಲಗೆ ಒತ್ತಿದರೆ ಕೈಯುದ್ದಕ್ಕೂ ಮಿಂಚು ಹೊಡೆದಂತಾಗುತ್ತದೆ. ಭುಜ ನೋವೆಂದು ಬಂದವರ ಕುತ್ತಿಗೆಯನ್ನು ಮುಟ್ಟದೆ ಕಳಿಸುವುದು ಅರ್ಧ ಪರೀಕ್ಷೆ.

ಆಮೇಲೆ ನೋಡುವುದು. ಎರಡೂ ಭುಜ ಬಟ್ಟೆಯಿಲ್ಲದೆ ಕಾಣಬೇಕು, ಅದೂ ಹಿಂದಿನಿಂದ. ಅಂಗಿಯ ಮೇಲಿಂದಲೇ ಭುಜ ನೋಡಿ ಮುಗಿಸುವುದು ನಮ್ಮಲ್ಲಿ ಅನೇಕರಿಗೆ ಅಂಟಿದ ಕೆಟ್ಟ ಚಾಳಿ. ರೋಗಿಯ ಸಂಕೋಚ ನಿಜ, ತೋಳಿಲ್ಲದ ಉಡುಪು ಕೊಟ್ಟರೆ ಅದು ನೀಗುತ್ತದೆ. ಹೆಗಲ ಹಲಗೆಯ ಮೇಲೊಂದು ಏಣು ಅಡ್ಡಕ್ಕೆ ಹಾಯ್ದಿರುತ್ತದೆ. ಅದರ ಮೇಲೆ ಅಥವಾ ಕೆಳಗೆ ಮಾಂಸ ಕರಗಿ ಗುಳಿ ಬಿದ್ದಿದ್ದರೆ ಟೆಂಡನ್ ಬಹಳ ದಿನದಿಂದ ಕಡಿದಿದೆ, ಇಲ್ಲವೇ ನರಕ್ಕೆ ತೊಂದರೆಯಾಗಿದೆ. ಗೋಡೆಗೆ ಎರಡೂ ಕೈ ಊರಿ ತಳ್ಳಿಸಿದಾಗ ಹಲಗೆಯ ಅಂಚು ರೆಕ್ಕೆಯಂತೆ ಮೇಲೆದ್ದರೆ ಅದನ್ನು ಪಕ್ಕೆಗೆ ಒತ್ತಿ ಹಿಡಿಯುವ ಸ್ನಾಯುವೋ ಅದರ ನರವೋ ಸೋತಿದೆ. ರಟ್ಟೆಯ ಮುಂಭಾಗದಲ್ಲಿ ಒಮ್ಮೆಲೇ ಚೆಂಡಿನಂತೆ ಉಬ್ಬು ಬಂದಿದ್ದರೆ ಬೈಸೆಪ್ಸ್‌ನ ಉದ್ದನೆಯ ಟೆಂಡನ್ ತುಂಡಾಗಿದೆ. ನೋಡಲು ಭಯಂಕರ, ಆದರೆ ಎಷ್ಟೋ ಜನರಿಗೆ ಅದು ತುಂಡಾದ ಮೇಲೆ ಹಳೆಯ ನೋವೇ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಎರಡನೆಯ ವೈದ್ಯರು ಮಾಡಿದ ಪರೀಕ್ಷೆ. ಭುಜದ ತಪಾಸಣೆಯ ತಿರುಳೇ ಇದು. ಮೊದಲು ರೋಗಿ ತಾನಾಗಿ ಕೈಯೆತ್ತಬೇಕು. ಎಷ್ಟು ಎತ್ತುತ್ತಾರೆ, ಎಲ್ಲಿ ಮುಖ ಕಿವುಚುತ್ತಾರೆ, ಎಲ್ಲಿ ಹೆಗಲನ್ನು ಕಿವಿಯತ್ತ ಏರಿಸಿ ಮೋಸ ಮಾಡುತ್ತಾರೆ ಎಂದು ನೋಡಬೇಕು. ಮೋಸ ಅಂದದ್ದು ತಮಾಷೆಗೆ. ಅದು ದೇಹವೇ ಹುಡುಕಿಕೊಂಡ ದಾರಿ. ಕೈಯನ್ನು ಪೂರ್ತಿ ಮೇಲೆತ್ತುವ 180 ಡಿಗ್ರಿಯಲ್ಲಿ ಸುಮಾರು 120 ಡಿಗ್ರಿ ಗುಂಡಿನ ಕೀಲಿನಿಂದ ಬರುತ್ತದೆ, ಉಳಿದ 60ರಷ್ಟು ಹೆಗಲ ಹಲಗೆ ಬೆನ್ನ ಮೇಲೆ ಜಾರಿ ತಿರುಗುವುದರಿಂದ ಬರುತ್ತದೆ. ಗುಂಡಿನ ಕೀಲು ಬಹುಪಾಲು ಬಿಗಿದುಕೊಂಡರೂ ಹಲಗೆಯನ್ನು ಎತ್ತಿಯೇ ಕೈಯನ್ನು ಒಂದಷ್ಟು ಮೇಲಕ್ಕೆ ತರಬಹುದು. ಅದನ್ನು ನೋಡಿ ‘ಚಲನೆ ಪರವಾಗಿಲ್ಲ’ ಎಂದು ಬರೆದವರು ಮೋಸ ಹೋದರು. ಅನುಭವಿ ವೈದ್ಯರು ಒಂದು ಕೈಯಿಂದ ಹಲಗೆಯನ್ನು ಅದುಮಿ ಹಿಡಿದು ಇನ್ನೊಂದರಿಂದ ತೋಳೆತ್ತುವುದು ಇದಕ್ಕೇ.

ನಂತರ ರೋಗಿ ಕೈಯನ್ನು ಸಡಿಲ ಬಿಡಬೇಕು, ವೈದ್ಯರು ಅದನ್ನು ಚಲಿಸಬೇಕು. ತಾನಾಗಿ ಆಡಿಸುವಾಗಿನ ಚಲನೆ, ಬೇರೆಯವರು ಆಡಿಸುವಾಗಿನ ಚಲನೆ, ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಭುಜದ ಹೆಚ್ಚಿನ ಕಾಯಿಲೆಗಳು ತಾವಾಗಿಯೇ ಮೂರು ದಾರಿ ಹಿಡಿಯುತ್ತವೆ. ರೋಗಿಗೆ ಎತ್ತಲಾಗದು, ಆದರೆ ವೈದ್ಯರು ಎತ್ತಿದರೆ ಪೂರ್ತಿ ಏಳುತ್ತದೆ ಎಂದರೆ ಎಳೆಯುವ ಹಗ್ಗ ಕಡಿದಿದೆ, ಅಂದರೆ ಟೆಂಡನ್ ದೊಡ್ಡದಾಗಿ ಹರಿದಿದೆ ಅಥವಾ ನರ ಕೆಟ್ಟಿದೆ. ಎರಡೂ ಪೂರ್ತಿ, ಆದರೆ ಕೈಯನ್ನು ಪಕ್ಕಕ್ಕೆ ಎತ್ತುವಾಗ 60ರಿಂದ 120 ಡಿಗ್ರಿಯ ನಡುವೆ ಚುಚ್ಚಿ, ಅದನ್ನು ದಾಟಿದರೆ ಹಗುರ ಎಂದರೆ ಟೆಂಡನ್ ಅಥವಾ ಬರ್ಸಾದ (ಟೆಂಡನ್ ಮೂಳೆಗೆ ಉಜ್ಜದಂತೆ ನಡುವೆ ಇರುವ ಮೆತ್ತೆ) ಉರಿಯೂತ. ಕೈ ಕಿವಿಗೆ ತಾಗುವಷ್ಟು ಮೇಲೆ ಹೋದಾಗ ಕೊನೆಯಲ್ಲಿ ಮಾತ್ರ ನೋವು ಎಂದರೆ ಎಸಿ ಕೀಲು. ಕೈಯನ್ನು ಎದೆಯ ಅಡ್ಡಕ್ಕೆ ಎಳೆದು ಎದುರು ಹೆಗಲ ಕಡೆ ಒತ್ತಿದರೆ ಅದು ಖಚಿತವಾಗುತ್ತದೆ. ರೋಗಿಗೂ ಎತ್ತಲಾಗದು, ವೈದ್ಯರಿಗೂ ಆಗದು, ಎರಡೂ ಒಂದೇ ಕಡೆ ಗೋಡೆಗೆ ಬಡಿದಂತೆ ನಿಲ್ಲುತ್ತವೆ ಎಂದರೆ ತಡೆಯಿರುವುದು ಕೀಲಿನಲ್ಲೇ.

ಈ ಮೂರನೆಯ ದಾರಿಯಲ್ಲಿ ಒಂದು ಚಲನೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸುವುದು. ಫ್ರೋಜನ್ ಶೋಲ್ಡರ್‌ನಲ್ಲಿ ಚೀಲದ ಮುಂಭಾಗ, ಮೇಲ್ಭಾಗ ಮೊದಲು ಬಿಗಿಯುವುದರಿಂದ ಈ ತಿರುಗು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚಾಗಿ ಕಳೆದುಹೋಗುತ್ತದೆ. ಸರಿಯಿರುವ ಭುಜಕ್ಕೆ ಹೋಲಿಸಿದರೆ ಅರ್ಧವೂ ಇಲ್ಲದಿರುವುದು ಸಾಮಾನ್ಯ. ಭಾಗಶಃ ಹರಿದ ಟೆಂಡನ್ ಇದನ್ನು ಮಾಡುವುದಿಲ್ಲ. ಹರಿತ ನೋಯಿಸಬಹುದು, ಬಲ ಕುಗ್ಗಿಸಬಹುದು, ಆದರೆ ಬೇರೆಯವರು ಮೆಲ್ಲಗೆ ತಿರುಗಿಸುವಾಗ ಕೀಲನ್ನು ಬೀಗ ಹಾಕಿದಂತೆ ತಡೆಯಲಾರದು. ನಿಮ್ಮ ವೈದ್ಯರು ಎರಡು ನಿಮಿಷದಲ್ಲಿ ನಿರ್ಧಾರಕ್ಕೆ ಬಂದದ್ದು ಬಹುಶಃ ಈ ಬೀಗ ಕೈಗೆ ತಾಕಿದ್ದರಿಂದ. ಬೆನ್ನ ಹಿಂದೆ ಹುಕ್ಕು ಹಾಕಲಾಗದು ಎಂದು ನೀವು ಬರೆದದ್ದೂ ಇದಕ್ಕೆ ಹೊಂದುತ್ತದೆ. ಒಳಮುಖದ ತಿರುಗನ್ನು ನಾವು ಅಳೆಯುವುದೇ ಹೆಬ್ಬೆರಳು ಬೆನ್ನ ಮೇಲೆ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದರಿಂದ: ಪೃಷ್ಠವೋ, ಸೊಂಟವೋ, ಹಲಗೆಯ ಕೆಳತುದಿಯೋ.

ಕನ್ನಡಿಯ ಮುಂದೆ ನೀವೇ ನೋಡಬಹುದು. ಎರಡೂ ಮೊಣಕೈಯನ್ನು ಪಕ್ಕೆಗೆ ಒತ್ತಿ, ಎರಡೂ ಮುಂಗೈಯನ್ನು ಒಟ್ಟಿಗೆ ಹೊರಕ್ಕೆ ತೆರೆಯಿರಿ. ನೋವಿನ ಕಡೆ ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಮುಂದಕ್ಕೆ ಮನೆಯವರೊಬ್ಬರು ಮೆಲ್ಲಗೆ, ಒತ್ತಡ ಹಾಕದೆ, ಒಯ್ಯಲು ನೋಡಲಿ. ಹೋದರೆ ಒಂದು ಅರ್ಥ, ಹೋಗದಿದ್ದರೆ ಇನ್ನೊಂದು. ಮೊಣಕೈ ಪಕ್ಕೆ ಬಿಟ್ಟು ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಮೋಸ.

ಬಲದ ಪರೀಕ್ಷೆಗಳು ಇದಾದ ಮೇಲೆ. ಹೆಬ್ಬೆರಳು ನೆಲ ನೋಡುವಂತೆ ಕೈಯನ್ನು ಮುಂದಕ್ಕೆ ಸ್ವಲ್ಪ ಓರೆಯಾಗಿ ಎತ್ತಿ ಹಿಡಿಸಿ ಮೇಲಿಂದ ಒತ್ತುವುದು ಸುಪ್ರಾಸ್ಪೈನೇಟಸ್‌ಗೆ. ಮುಂಗೈಯನ್ನು ಹೊರಕ್ಕೆ ತಳ್ಳಿಸುವುದು ಹಿಂಭಾಗದ ಸ್ನಾಯುವಿಗೆ. ಕೈಯನ್ನು ಬೆನ್ನ ಹಿಂದಿಟ್ಟು ಅಲ್ಲಿಂದ ಎತ್ತಿಸುವ ಪರೀಕ್ಷೆ ಮುಂಭಾಗದ ಸಬ್‌ಸ್ಕ್ಯಾಪುಲಾರಿಸ್‌ಗೆ. ಆದರೆ ನಿಮ್ಮಂತೆ ಕೈ ಹಿಂದಕ್ಕೇ ಹೋಗದವರಿಗೆ ಅಂಗೈಯನ್ನು ಹೊಟ್ಟೆಯ ಮೇಲೆ ಒತ್ತಿಸಿ, ಮೊಣಕೈ ಹಿಂದಕ್ಕೆ ಜಾರುತ್ತದೆಯೇ ಎಂದು ನೋಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ನೋವಿನಿಂದ ಕೈ ಬಿಡುವುದು ಬೇರೆ, ಬಲವಿಲ್ಲದೆ ಬಿಡುವುದು ಬೇರೆ. ಅನುಮಾನ ಬಂದರೆ ಮರಗಟ್ಟಿಸುವ ಔಷಧವನ್ನು ಹೆಗಲ ಮೂಳೆಯ ಕೆಳಗಿನ ಸಂದಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬಹುದು. ನೋವು ಹೋಗಿ ಬಲ ಮರಳಿದರೆ ಟೆಂಡನ್ ಕೆಲಸ ಮಾಡುತ್ತಿದೆ. ನೋವು ಹೋದರೂ ಕೈ ಬಿದ್ದರೆ ಅದು ದೊಡ್ಡ ಹರಿತ.

ಪುಸ್ತಕಗಳಲ್ಲಿ ಹೆಸರು ಹೊತ್ತ ಪರೀಕ್ಷೆಗಳು ಹತ್ತಾರಿವೆ: ನೀರ್, ಹಾಕಿನ್ಸ್, ಸ್ಪೀಡ್, ಒಬ್ರಿಯನ್. ಹೊಸಬರಿಗೆ ಇವುಗಳ ಮೋಹ ಜಾಸ್ತಿ. ನಾನು ಇವನ್ನು ಕೊನೆಗೆ ಮಾಡುತ್ತೇನೆ, ಕೆಲವೊಮ್ಮೆ ಮಾಡುವುದೇ ಇಲ್ಲ. ನೀರ್ ಮತ್ತು ಹಾಕಿನ್ಸ್ ಪರೀಕ್ಷೆಗಳಲ್ಲಿ ಕೈಯನ್ನು ಮೇಲಕ್ಕೋ ಒಳಕ್ಕೋ ತಿರುಗಿಸಿ ಟೆಂಡನ್ನನ್ನು ಮೂಳೆಯ ಕೆಳಗೆ ಒತ್ತುತ್ತೇವೆ. ಟೆಂಡನ್ ಉರಿಯುತ್ತಿದ್ದರೆ ನೋಯುತ್ತದೆ, ಸರಿ. ಆದರೆ ಬಿಗಿದ ಚೀಲವನ್ನು ಹಾಗೆ ತಿರುಗಿಸಿದರೂ ನೋಯುತ್ತದೆ, ಸವೆದ ಕೀಲನ್ನು ತಿರುಗಿಸಿದರೂ ನೋಯುತ್ತದೆ. ಬಿಗಿತ ಇದೆಯೋ ಇಲ್ಲವೋ ಎಂದು ನೋಡದೆ ಇವನ್ನು ಮಾಡಿ, ‘ನೋವು ಬಂತು, ಹಾಗಾದರೆ ಇಂಪಿಂಜ್‌ಮೆಂಟ್’, ಅಂದರೆ ಟೆಂಡನ್ ಮೂಳೆಯಡಿ ಸಿಕ್ಕಿಕೊಳ್ಳುತ್ತಿದೆ, ಎಂದು ಬರೆದ ಚೀಟಿಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅದಕ್ಕೆ ತಕ್ಕಂತೆ ಒಂದು ಸ್ಕ್ಯಾನ್, ಸ್ಕ್ಯಾನಿಗೆ ತಕ್ಕಂತೆ ಒಂದು ಹರಿತ, ಹರಿತಕ್ಕೆ ತಕ್ಕಂತೆ ಒಂದು ಆಪರೇಷನ್. ನಿಮ್ಮ ಮೊದಲ ವೈದ್ಯರ ಹಾದಿಯೂ ಹೀಗೇ ಇದ್ದಿರಬಹುದೆಂದು ನನ್ನ ಊಹೆ.

ಆ ಆಪರೇಷನ್ನಿನ ಬಗ್ಗೆ ಎರಡು ಮಾತು. ಟೆಂಡನ್ ಮೇಲಿನ ಮೂಳೆ ಕೆರೆಯುವ ಶಸ್ತ್ರಚಿಕಿತ್ಸೆ ದಶಕಗಳ ಕಾಲ ಬಹಳ ಜನಪ್ರಿಯವಾಗಿತ್ತು. ಬ್ರಿಟನ್ನಿನಲ್ಲಿ ಅದನ್ನೇ ಪರೀಕ್ಷೆಗೊಡ್ಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮೂಳೆ ಕೆರೆದರು, ಇನ್ನೊಂದು ಗುಂಪಿಗೆ ಕ್ಯಾಮೆರಾ ಹಾಕಿ ಒಳಗೆ ನೋಡಿ ಏನನ್ನೂ ಕೆರೆಯದೆ ಹೊರಬಂದರು, ಮೂರನೆಯ ಗುಂಪಿಗೆ ಚಿಕಿತ್ಸೆಯನ್ನೇ ಕೊಡಲಿಲ್ಲ. ಕೆರೆಸಿಕೊಂಡವರಿಗೂ ಬರೀ ಕ್ಯಾಮೆರಾ ಹಾಕಿಸಿಕೊಂಡವರಿಗೂ ವ್ಯತ್ಯಾಸವಿರಲಿಲ್ಲ; ಏನೂ ಮಾಡಿಸಿಕೊಳ್ಳದವರಿಗಿಂತ ಇವರಿಗೆ ಸಿಕ್ಕ ಲಾಭವೂ ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ. ಇನ್ನು ಹೊಲಿಗೆ. ಟೆಂಡನ್ ಹೊಲಿದ ಮೇಲೆ ಕೈಯನ್ನು ವಾರಗಟ್ಟಲೆ ಜೋಳಿಗೆಯಲ್ಲಿ ಕಟ್ಟಿಡಬೇಕು. ಮೊದಲೇ ಬಿಗಿದ ಭುಜವನ್ನು, ಅದೂ ಸಕ್ಕರೆ ಕಾಯಿಲೆ ಇರುವವರ ಭುಜವನ್ನು ಹಾಗೆ ಕಟ್ಟಿಟ್ಟರೆ ಆಗುವುದೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಂದ ಮಾತ್ರಕ್ಕೆ ಹರಿತವೆಲ್ಲ ಕಡೆಗಣಿಸುವಂಥದ್ದಲ್ಲ. ನಲವತ್ತು ದಾಟಿದವರು ಬಿದ್ದು, ಅಥವಾ ಭುಜ ಜಾರಿ ಕೂರಿಸಿಕೊಂಡ ನಂತರ, ಮಾರನೇ ದಿನದಿಂದ ಕೈಯೇ ಎತ್ತಲಾಗದು, ಬೇರೆಯವರು ಎತ್ತಿದರೆ ಏಳುತ್ತದೆ ಎಂದರೆ ಅದು ಬೇಗ ಸ್ಕ್ಯಾನ್ ಮಾಡಿಸಿ ಬೇಗ ನಿರ್ಧರಿಸಬೇಕಾದ ಹರಿತ. ತಿಂಗಳುಗಟ್ಟಲೆ ಬಿಟ್ಟರೆ ಟೆಂಡನ್ ಹಿಂದಕ್ಕೆ ಸರಿದು, ಅದರ ಸ್ನಾಯು ಕೊಬ್ಬಾಗಿ, ಹೊಲಿದರೂ ನಿಲ್ಲದಂತಾಗುತ್ತದೆ. ನೀವು ಬಿದ್ದಿಲ್ಲ, ನಿಮಗೆ ಮೊದಲು ನೋವು ಆಮೇಲೆ ಬಿಗಿತ. ಕಥೆಯೇ ಬೇರೆ.

ಈಗ ಎರಡನೆಯ ವೈದ್ಯರು ಬಾಕಿ ಉಳಿಸಿದ ಕೆಲಸ. ಅದು ಎಕ್ಸ್-ರೇ. ನಾನು ವೃತ್ತಿಗೆ ಬಂದ ಹೊಸದರಲ್ಲಿ ಒಬ್ಬರು ನಡುವಯಸ್ಸಿನ ರೋಗಿ ಭುಜ ಬಿಗಿದಿದೆ ಎಂದು ಬಂದರು. ಮುಂಗೈ ಹೊರಕ್ಕೆ ಒಂದಿಂಚೂ ತಿರುಗುತ್ತಿರಲಿಲ್ಲ. ಪರೀಕ್ಷೆಯ ಪಾಠ ಆಗಷ್ಟೇ ತಲೆಗೇರಿತ್ತು. ಫ್ರೋಜನ್ ಶೋಲ್ಡರ್ ಎಂದು ಜಂಬದಿಂದ ಬರೆದು ಫಿಸಿಯೋಥೆರಪಿಗೆ ಕಳಿಸಿದೆ. ಆರು ವಾರವಾದರೂ ಒಂದು ಡಿಗ್ರಿ ಸುಧಾರಿಸಲಿಲ್ಲ. ಹಿರಿಯರೊಬ್ಬರು ‘ಇವರಿಗೆ ಅಪಸ್ಮಾರ ಇದೆಯೇ ಕೇಳಿದೆಯಾ?’ ಅಂದರು. ಕೇಳಿರಲಿಲ್ಲ. ನೋವು ಶುರುವಾದದ್ದೇ ಒಂದು ಫಿಟ್ಸ್ ಬಂದ ರಾತ್ರಿ. ಗುಂಡು ತಟ್ಟೆಯಿಂದ ಹಿಂದಕ್ಕೆ ಜಾರಿ ಅಲ್ಲೇ ಸಿಕ್ಕಿಕೊಂಡಿತ್ತು. ಭುಜ ಸಾಮಾನ್ಯವಾಗಿ ಮುಂದಕ್ಕೆ ಜಾರುತ್ತದೆ, ಆಗ ಹೆಗಲ ದುಂಡು ಮಾಯವಾಗಿ ಚೌಕವಾಗುತ್ತದೆ, ಯಾರಿಗಾದರೂ ಕಾಣುತ್ತದೆ. ಫಿಟ್ಸ್ ಅಥವಾ ಕರೆಂಟ್ ಶಾಕ್‌ನಲ್ಲಾದರೋ ಹಿಂದಕ್ಕೆ ಜಾರುವುದುಂಟು. ಎದುರಿನಿಂದ ತೆಗೆದ ಎಕ್ಸ್-ರೇಯಲ್ಲಿ ಅದು ಹೆಚ್ಚು ಕಡಿಮೆ ಸರಿಯಾಗಿಯೇ ಕಾಣುತ್ತದೆ, ಗುಂಡು ಬಲ್ಬಿನಂತೆ ದುಂಡಗಾಗಿ ಕಾಣುವುದೊಂದೇ ಸುಳಿವು. ಕಂಕುಳ ಕಡೆಯಿಂದ ಇನ್ನೊಂದು ಚಿತ್ರ ತೆಗೆದರೆ ಮುಚ್ಚುಮರೆಯಿಲ್ಲ. ಅಂದಿನಿಂದ, ಎಷ್ಟೇ ಮಾಮೂಲಿ ಎನಿಸಿದ ಬಿಗಿ ಭುಜವಾದರೂ ಎರಡು ಕೋನದ ಎಕ್ಸ್-ರೇ ಇಲ್ಲದೆ ನಾನು ಹೆಸರು ಕೊಡುವುದಿಲ್ಲ.

ಹೊರತಿರುಗು ಕಳೆದುಹೋಗುವ ಇನ್ನೊಂದು ಕಾಯಿಲೆ ಕೀಲಿನ ಸವೆತ, ಅದೂ ಎಕ್ಸ್-ರೇಯಲ್ಲಿ ಕಾಣುತ್ತದೆ. ಟೆಂಡನ್ನಿನಲ್ಲಿ ಸುಣ್ಣ ಕಟ್ಟಿದ್ದರೆ ಅದೂ ಕಾಣುತ್ತದೆ. ಈ ಸುಣ್ಣದ ನೋವಿನ ರೀತಿಯೇ ಬೇರೆ. ರಾತ್ರಿ ಮಲಗಿದಾಗ ಸರಿಯಿದ್ದವರು ಬೆಳಿಗ್ಗೆ ಕೈ ಮುಟ್ಟಲೂ ಬಿಡುವುದಿಲ್ಲ, ಕೈಯನ್ನು ಮಗುವಿನಂತೆ ಎತ್ತಿ ಹಿಡಿದುಕೊಂಡು ಬರುತ್ತಾರೆ. ವಿಚಿತ್ರವೆಂದರೆ ಆ ಭೀಕರ ನೋವು ಎಷ್ಟೋ ಸಲ ಸುಣ್ಣ ಕರಗುತ್ತಿರುವುದರ ಗುರುತು.

ಯುವಕರ ಭುಜದ ಪರೀಕ್ಷೆ ಇದಕ್ಕೆ ತಿರುಗುಮುರುಗು. ಅಲ್ಲಿ ಹುಡುಕುವುದು ಬಿಗಿತವನ್ನಲ್ಲ, ಸಡಿಲವನ್ನು. ಕೈಯನ್ನು ಪಕ್ಕಕ್ಕೆತ್ತಿ ಹಿಂದಕ್ಕೆ ತಿರುಗಿಸುವಾಗ ರೋಗಿಯ ಭುಜವನ್ನಲ್ಲ, ಮುಖವನ್ನು ನೋಡಬೇಕು. ಹಿಂದೊಮ್ಮೆ ಭುಜ ಜಾರಿದವರ ಕಣ್ಣಲ್ಲಿ ನೋವಿಗಿಂತ ಮೊದಲು ಭಯ ಮೂಡುತ್ತದೆ, ‘ಬೇಡ ಡಾಕ್ಟ್ರೇ, ಜಾರುತ್ತೆ’ ಎಂದು ಕೈ ಹಿಡಿದುಕೊಳ್ಳುತ್ತಾರೆ. ಅದು ನಿಮಗೆ ಸಂಬಂಧಿಸಿದ್ದಲ್ಲ, ಮನೆಯಲ್ಲಿ ಹದಿಹರೆಯದ ಆಟಗಾರರಿದ್ದರೆ ನೆನಪಿರಲಿ.

ಭುಜದ್ದೇ ಅಲ್ಲದ ಭುಜ ನೋವೂ ಉಂಟು. ಭುಜವನ್ನು ಹೇಗೆ ತಿರುಗಿಸಿದರೂ ನೋವು ಹೆಚ್ಚಾಗದು, ಆದರೆ ಮೆಟ್ಟಿಲು ಹತ್ತಿದರೆ ಬರುತ್ತದೆ ಎಂದರೆ ಹೃದಯ. ಬಲ ಭುಜದ ನೋವಿನ ಜೊತೆ ಬಲಪಕ್ಕೆಯ ಕೆಳಗೂ ನೋವಿದ್ದರೆ ಪಿತ್ತಕೋಶ. ಪಿತ್ತಕೋಶದ ಮೇಲ್ಗಡೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ನರವೂ ಹೆಗಲ ಚರ್ಮದ ನರವೂ ಕುತ್ತಿಗೆಯ ಒಂದೇ ಬೇರುಗಳಿಂದ ಬರುವುದರಿಂದ ಮೆದುಳಿಗೆ ವಿಳಾಸ ತಪ್ಪುತ್ತದೆ. ಬಹುಕಾಲದ ಧೂಮಪಾನಿಯ ಹೆಗಲು ಬಿಡದೆ ನೋಯುತ್ತಾ, ಕೈ ಸಣ್ಣಗಾಗುತ್ತಾ ಬಂದರೆ ಶ್ವಾಸಕೋಶದ ತುದಿಯನ್ನು ನೋಡಬೇಕು. ಜ್ವರದ ಜೊತೆ ಭುಜ ಕೆಂಪಾಗಿ ಬಿಸಿಯಾಗಿದ್ದರೆ ಕೀಲಿನಲ್ಲಿ ಕೀವು ಇರಬಹುದು, ಅದು ಆ ದಿನವೇ ಆಸ್ಪತ್ರೆಗೆ ಹೋಗುವ ವಿಷಯ. ಸಕ್ಕರೆ ಕಾಯಿಲೆಯವರು ಇದರಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು.

ನಿಮ್ಮದು ಫ್ರೋಜನ್ ಶೋಲ್ಡರ್ ಎಂದೇ ಇಟ್ಟುಕೊಳ್ಳೋಣ. ಈ ಹೆಸರು ಕೊಟ್ಟದ್ದು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ. ಇದನ್ನು ವ್ಯಾಖ್ಯಾನಿಸುವುದೂ ಕಷ್ಟ, ವಾಸಿ ಮಾಡುವುದೂ ಕಷ್ಟ, ವಿವರಿಸುವುದೂ ಕಷ್ಟ ಎಂದು ಅವರೇ ಒಪ್ಪಿಕೊಂಡಿದ್ದರು. 40ರಿಂದ 60ರ ನಡುವೆ, ಹೆಂಗಸರಲ್ಲಿ ಹೆಚ್ಚು, ಸಕ್ಕರೆ ಕಾಯಿಲೆ ಇರುವವರಲ್ಲಿ ಹಲವು ಪಟ್ಟು ಹೆಚ್ಚು, ಥೈರಾಯ್ಡ್ ತೊಂದರೆಯವರಲ್ಲೂ ಹೆಚ್ಚು. ಮೊದಲ ಹಂತದಲ್ಲಿ ನೋವೇ ದೊಡ್ಡದು, ರಾತ್ರಿ ನಿದ್ದೆ ಕೆಡಿಸುತ್ತದೆ. ಆಮೇಲೆ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಕೊನೆಗೆ ನಿಧಾನವಾಗಿ ಸಡಿಲವಾಗುತ್ತದೆ. ಒಟ್ಟು ಒಂದರಿಂದ ಮೂರು ವರ್ಷ. ‘ತಾನಾಗಿಯೇ ಹೋಗುತ್ತದೆ’ ಎಂದು ಕೈಬಿಡುವವರಿದ್ದಾರೆ, ಅದು ಅರ್ಧ ಸತ್ಯ. ಬಹುಪಾಲು ಜನರಿಗೆ ಹೋಗುತ್ತದೆ, ಕೆಲವರಿಗೆ ಸ್ವಲ್ಪ ಬಿಗಿತ ಉಳಿದೇಬಿಡುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಹಟಮಾರಿತನ ಹೆಚ್ಚು. ಇನ್ನೊಂದು ಭುಜಕ್ಕೂ ಮುಂದೆ ಬರಬಹುದು. ವಾಸಿಯಾದ ಭುಜಕ್ಕೇ ಮರಳಿ ಬರುವುದು ಅಪರೂಪ.

ನಾಲ್ಕು ತಿಂಗಳು, ರಾತ್ರಿ ನೋವು ಇನ್ನೂ ಇದೆ ಎಂದರೆ ನೀವು ಮೊದಲ ಹಂತ ದಾಟಿಲ್ಲ. ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹೆಚ್ಚು ಕೆಲಸಕ್ಕೆ ಬರುವುದು ಈ ಹೊತ್ತಿನಲ್ಲಿ. ಕೆಲವು ವಾರಗಳ ಮಟ್ಟಿಗೆ ನೋವು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಬಿಡುತ್ತದೆ. ಆಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ, ಮೊದಲೇ ನಿಮ್ಮ ಸಕ್ಕರೆ ವೈದ್ಯರಿಗೆ ತಿಳಿಸಿ, ಆ ದಿನಗಳಲ್ಲಿ ಮನೆಯಲ್ಲೇ ಅಳೆಯುತ್ತಿರಿ. ಮೂರು ತಿಂಗಳ ಸರಾಸರಿ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಇತ್ತೀಚೆಗೆ ಆಗಿಲ್ಲದಿದ್ದರೆ ಮಾಡಿಸಿ. ವ್ಯಾಯಾಮ ಬೇಕು, ಜಗ್ಗಾಟ ಬೇಡ. ಮುಂದಕ್ಕೆ ಬಾಗಿ ಕೈಯನ್ನು ಲೋಲಕದಂತೆ ತೂಗಾಡಿಸುವುದು, ಮಲಗಿ ಇನ್ನೊಂದು ಕೈಯ ಆಸರೆಯಲ್ಲಿ ಎತ್ತುವುದು, ಕೋಲು ಹಿಡಿದು ಮುಂಗೈಯನ್ನು ಹೊರಕ್ಕೆ ತಳ್ಳುವುದು, ದಿನಕ್ಕೆ ಮೂರ್ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮಾಡಿದ ಮೇಲೆ ಒಂದರ್ಧ ಗಂಟೆಯಲ್ಲಿ ನೋವು ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಿದೆ, ರಾತ್ರಿಯಿಡೀ ಕಾಡಿದರೆ ಹೆಚ್ಚಾಯಿತು. ಹಲ್ಲು ಕಚ್ಚಿಕೊಂಡು ಎಳೆಸಿಕೊಂಡರೆ ಈ ಹಂತದಲ್ಲಿ ಚೀಲ ಮತ್ತಷ್ಟು ಕೆರಳುತ್ತದೆ. ಬಲವಾಗಿ ಹಿಗ್ಗಿಸುವುದಕ್ಕೆ ನೋವು ತಗ್ಗಿದ ಮೇಲೆ ಕಾಲವಿದೆ.

ಇಷ್ಟೆಲ್ಲ ಆರೇಳು ತಿಂಗಳು ಮಾಡಿಯೂ ಕೈ ಕದಲದಿದ್ದರೆ ಅರಿವಳಿಕೆ ಕೊಟ್ಟು ಕೈಯನ್ನು ಬಿಡಿಸುವುದೋ, ಕ್ಯಾಮೆರಾ ಮೂಲಕ ಚೀಲವನ್ನು ಕತ್ತರಿಸುವುದೋ ಇದ್ದೇ ಇದೆ. 2020ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ 503 ರೋಗಿಗಳಲ್ಲಿ ಈ ಎರಡನ್ನೂ ಸ್ಟೀರಾಯ್ಡ್ ಸಹಿತ ಫಿಸಿಯೋಥೆರಪಿಗೆ ಹೋಲಿಸಿತು. ವರ್ಷದ ಕೊನೆಗೆ ಮೂರು ಗುಂಪಿನವರೂ ಸುಧಾರಿಸಿದ್ದರು, ಯಾವುದೂ ಉಳಿದವನ್ನು ಗಮನಾರ್ಹವಾಗಿ ಮೀರಿಸಲಿಲ್ಲ. ಹಾಗಾಗಿ ಇಂಜೆಕ್ಷನ್ ಮತ್ತು ವ್ಯಾಯಾಮದಿಂದ ಶುರು ಮಾಡಿದರೆ ಏನನ್ನೋ ಕಳೆದುಕೊಂಡೆವೆಂಬ ಆತಂಕ ಬೇಡ.

ಮಲಗುವಾಗ ಬೆನ್ನ ಮೇಲೆ ಮಲಗಿ, ಎಡ ಮೊಣಕೈಯ ಕೆಳಗೆ ಮಡಿಸಿದ ಹೊದಿಕೆ ಇಟ್ಟುಕೊಂಡು ತೋಳು ಹಿಂದಕ್ಕೆ ಜೋಲದಂತೆ ನೋಡಿಕೊಳ್ಳಿ. ಬಲ ಮಗ್ಗುಲಿಗೆ ಮಲಗಿದರೆ ಎಡಗೈಗೆ ಎದೆಯ ಮುಂದೆ ಒಂದು ದಿಂಬು. ಎರಡು ಕೋನದ ಎಕ್ಸ್-ರೇ ಈ ವಾರವೇ ತೆಗೆಸಿ. ಗುಂಡು ತಟ್ಟೆಯ ಮೇಲೆ ಸರಿಯಾಗಿ ಕೂತಿದೆ, ಸಂದಿ ಸವೆದಿಲ್ಲ ಎಂದು ಬಂದರೆ ಅದನ್ನು ಎರಡನೆಯ ವೈದ್ಯರಿಗೆ ತೋರಿಸಿ ಇಂಜೆಕ್ಷನ್ ಬಗ್ಗೆ ಕೇಳಿ. ಎಂಆರ್‌ಐ ಕವರನ್ನೂ ಜೊತೆಗೆ ಒಯ್ಯಿರಿ. ಬಿಗಿತ ಬಿಟ್ಟ ಮೇಲೂ ಕೈಯಲ್ಲಿ ಬಲವಿಲ್ಲ ಎನಿಸಿದರೆ ಆಗ ಅದನ್ನು ತೆರೆದು ನೋಡುವ ಅಗತ್ಯ ಬರುತ್ತದೆ.